ಹೊರೆ ಅಲುಗಿಸಿದರೆ ಗಾಡಿಯೇ ಅಲುಗಬೇಕು

ಓದುಗರ ಪ್ರಶ್ನೆಗಳಿಗೆ ಚಿಕ್ಕಮಗಳೂರಿನ ಬೇಲೂರು ರಸ್ತೆಯಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ಮೆಕ್ಯಾನಿಕ್ ಒಬ್ಬರ ಉತ್ತರ

ಈ ಸಲ ಮೈಲೇಜು, ಪಿಕಪ್ಪು ಅಂತ ಕೇಳಿದವರು ಕಡಿಮೆ. ಜಾಸ್ತಿ ಜನ ಕೇಳಿದ್ದು ಬೈಕಿನ ಮೇಲೆ ಸಾಮಾನು ಕಟ್ಟುವುದು ಹೇಗೆ ಅಂತ. ನನಗೆ ಖುಷಿಯಾಯಿತು. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಕಟ್ಟಿದ ಹೊರೆ ಘಾಟಿಯಲ್ಲಿ ಜಾರಿದರೆ ಮನುಷ್ಯರೇ ಬೀಳುತ್ತಾರೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಇರಲಿ.

ಪ್ರಶ್ನೆ: ಹೆಂಡತಿಯ ತವರು ಉಜಿರೆ. ಅವರೆಲ್ಲ ಬಸ್ಸಿನಲ್ಲಿ ಹೋದರು, ನಾನು ಹಿಂದಿನ ಸೀಟಿಗೆ ದೊಡ್ಡ ಬ್ಯಾಗ್ ಕಟ್ಟಿಕೊಂಡು ಬೈಕಿನಲ್ಲಿ ಚಾರ್ಮಾಡಿ ಇಳಿದೆ. ಕೊಕ್ಕೆ ಇರುವ ಎರಡು ರಬ್ಬರ್ ಹಗ್ಗ ಹಾಕಿ ಬಿಗಿಯಾಗಿಯೇ ಕಟ್ಟಿದ್ದೆ. ಅರ್ಧ ಘಾಟಿಗೆ ಬ್ಯಾಗ್ ಪೂರ್ತಿ ಎಡಕ್ಕೆ ವಾಲಿತ್ತು. ತಪ್ಪು ಎಲ್ಲಾಯಿತು? (ಓದುಗರು, ಮೂಡಿಗೆರೆ)

ಉತ್ತರ: ನೀವು ಕಳಿಸಿದ ಫೋಟೋ ನೋಡಿದೆ. ಎರಡು ಹಗ್ಗವನ್ನೂ ಬ್ಯಾಗಿನ ಮೇಲೆ ಅಡ್ಡಡ್ಡ ಹಾಯಿಸಿದ್ದೀರಿ, ಆದರೆ ನಾಲ್ಕು ಕೊಕ್ಕೆಗಳೂ ಸೀಟಿನ ಹಿಂದಿನ ಹಿಡಿಕೆಗೇ ಸಿಕ್ಕಿಕೊಂಡಿವೆ. ಅಂದರೆ ಬ್ಯಾಗಿನ ಹಿಂಭಾಗ ಮಾತ್ರ ಕಟ್ಟಿದ ಹಾಗಾಯಿತು. ಮುಂಭಾಗವನ್ನು ಹಿಡಿದಿದ್ದು ನಿಮ್ಮ ಬೆನ್ನು. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗಲೆಲ್ಲ ಬ್ಯಾಗ್ ನಿಮ್ಮ ಕಡೆ ಜಾರುತ್ತದೆ, ಹಗ್ಗ ಸಡಿಲ ಬೀಳುತ್ತದೆ. ಸಡಿಲವಾದ ಆ ಗಳಿಗೆಯಲ್ಲಿ ಒಂದು ತಿರುವು ಬಂದರೆ ಸಾಕು, ಬ್ಯಾಗ್ ಪಕ್ಕಕ್ಕೆ ಹೋಗುತ್ತದೆ.

ರಬ್ಬರ್ ಹಗ್ಗದ ಬಗ್ಗೆಯೂ ಒಂದು ಮಾತು. ಅದರ ಗುಣವೇ ಹಿಗ್ಗುವುದು. ಭಾರ ಎಳೆದರೆ ಕೊಡುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಹಾಗೆ ಹೋಗಿ ಬರುವಾಗ ಬ್ಯಾಗ್ ಪ್ರತಿ ಸಲವೂ ಒಂದು ಕೂದಲೆಳೆಯಷ್ಟು ಸರಿಯುತ್ತದೆ. ಚಾರ್ಮಾಡಿಯಂಥ ರಸ್ತೆಯಲ್ಲಿ ತಿರುವಿಗೇನು ಬರವೇ? ಜಾಕೆಟ್ಟು, ರೇನ್‌ಕೋಟು ಇಂಥ ಹಗುರದ್ದನ್ನು ಮೇಲೆ ಸಿಕ್ಕಿಸಿಕೊಳ್ಳಲು ಅದು ಸರಿ. ಭಾರದ ಬ್ಯಾಗನ್ನು ಅದರ ಭರವಸೆಗೆ ಬಿಡಬೇಡಿ. ಬಿಚ್ಚುವಾಗ ಇನ್ನೂ ಹುಷಾರು. ಎಳೆದ ಕೊಕ್ಕೆ ಕೈತಪ್ಪಿದರೆ ನೇರ ಮುಖಕ್ಕೆ ಬರುತ್ತದೆ, ಕಣ್ಣು ಹೋಗುವಂಥ ಪೆಟ್ಟಾಗಬಹುದು. ಹೆಲ್ಮೆಟ್ ಹಾಕಿಕೊಂಡು, ಗ್ಲಾಸ್ ಇಳಿಸಿಕೊಂಡೇ ಬಿಚ್ಚಿ. ಕಟ್ಟುವಾಗಲೂ ಅಷ್ಟೇ.

ಈಗ ಸರಿಯಾಗಿ ಕಟ್ಟುವ ಬಗೆ. ಹೊರೆಗೆ ನಾಲ್ಕು ಮೂಲೆಯಲ್ಲಿ ಆಧಾರ ಬೇಕು. ಹಿಂದಿನ ಎರಡು ಹಿಡಿಕೆಯಲ್ಲೋ ಕ್ಯಾರಿಯರ್‌ನಲ್ಲೋ ಸಿಗುತ್ತವೆ. ಮುಂದಿನ ಎರಡನ್ನು ಹಿಂಬದಿ ಸವಾರರ ಫುಟ್‌ರೆಸ್ಟ್ ಕೂತಿರುವ ಬ್ರಾಕೆಟ್‌ನಲ್ಲಿ ತೆಗೆದುಕೊಳ್ಳಿ. ಮಡಚುವ ಪೆಡಲ್‌ಗೆ ಬೇಡ, ಅದನ್ನು ಹಿಡಿದಿರುವ ಕಬ್ಬಿಣಕ್ಕೆ. ಇಲ್ಲಿ ಒಂದು ವಿಷಯ ನೋಡಿಕೊಳ್ಳಬೇಕು. ಕೆಲವು ಹಳೇ 100 ಸಿಸಿ ಗಾಡಿಗಳಲ್ಲಿ ಹಿಂದಿನ ಫುಟ್‌ರೆಸ್ಟ್ ಹಿಂದಿನ ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳಿಗೇ, ಅಂದರೆ ಸ್ವಿಂಗ್ ಆರ್ಮ್‌ಗೇ ಕೂತಿರುತ್ತದೆ, ಅಂದರೆ ಚಕ್ರದ ಜೊತೆ ಮೇಲೆ ಕೆಳಗೆ ಆಡುತ್ತದೆ. ಅಲ್ಲಿಗೆ ಕಟ್ಟಿದರೆ ಹಳ್ಳ ಬಂದಾಗಲೆಲ್ಲ ಹಗ್ಗ ಸಡಿಲ, ಮತ್ತೆ ಬಿಗಿ, ಮತ್ತೆ ಸಡಿಲ. ಗೊತ್ತಾಗುವುದು ಹೇಗೆ? ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ ಯಾರಾದರೂ ಹಿಡಿದುಕೊಳ್ಳಲಿ. ನೀವು ಸೀಟನ್ನು ಜೋರಾಗಿ ಒತ್ತಿ. ಸೀಟು ಇಳಿದು ಫುಟ್‌ರೆಸ್ಟ್‌ಗೆ ಹತ್ತಿರ ಬಂದರೆ ಅದು ಸ್ವಿಂಗ್ ಆರ್ಮ್ ಮೇಲಿದೆ. ಹಾಗಿದ್ದರೆ ಸೀಟಿನ ಕೆಳಗಿನ ಚಾಸಿಸ್ ಪೈಪಿಗೇ ಒಂದು ಪಟ್ಟಿ ಸುತ್ತಿ, ಅದರ ಕುಣಿಕೆ ಎರಡೂ ಕಡೆ ಹೊರಗೆ ಬರುವಂತೆ ಮಾಡಿಕೊಳ್ಳಿ. ಇಂಡಿಕೇಟರ್ ದಂಟು, ನಂಬರ್ ಪ್ಲೇಟು, ಪ್ಲಾಸ್ಟಿಕ್ ಮಡ್‌ಗಾರ್ಡು, ಇವು ಯಾವುವೂ ಕಟ್ಟುವ ಜಾಗಗಳಲ್ಲ.

ಬ್ಯಾಗಿನ ಅಡಿಗೆ ಹಳೇ ಟ್ಯೂಬನ್ನು ಸೀಳಿ ಹಾಸಿ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ರೆಕ್ಸಿನ್ ಸೀಟಿನ ಮೇಲೆ ನೈಲಾನ್ ಬ್ಯಾಗ್ ಬಹಳ ಜಾರುತ್ತದೆ, ನಡುವೆ ರಬ್ಬರ್ ಇದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಆಮೇಲೆ ಬಕಲ್ ಇರುವ ಪಟ್ಟಿ, ಅಂಗಡಿಯಲ್ಲಿ ಸ್ಟ್ರಾಪ್ ಅಂದರೆ ಕೊಡುತ್ತಾರೆ, ಅಂಥವು ಎರಡು ಬೇಕು. ಒಂದು ಬ್ಯಾಗಿನ ಮುಂದಿನ ಭಾಗದ ಮೇಲೆ, ಒಂದು ಹಿಂದಿನ ಭಾಗದ ಮೇಲೆ.

ಸ್ಟ್ರಾಪ್ ಇಲ್ಲದಿದ್ದರೆ ಹಗ್ಗವೂ ನಡೆಯುತ್ತದೆ. ಗಂಟು ಮಾತ್ರ ಲಾರಿಯವರು ಟಾರ್ಪಾಲು ಬಿಗಿಯುವಾಗ ಹಾಕುವಂಥದ್ದಿರಲಿ. ಹಗ್ಗದ ಒಂದು ತುದಿಯನ್ನು ಈ ಕಡೆಯ ಬ್ರಾಕೆಟ್‌ಗೆ ಕಟ್ಟಿ, ಬ್ಯಾಗಿನ ಮೇಲೆ ಹಾಯಿಸಿ ಆ ಕಡೆಗೆ ಬಿಡಿ. ಆ ಕಡೆಗೆ ಹೋಗಿ, ಬ್ಯಾಗಿನ ಪಕ್ಕದಲ್ಲಿ ಇಳಿದಿರುವ ಹಗ್ಗದಲ್ಲಿ ಒಂದು ಕುಣಿಕೆ ಮಾಡಿ. ಉಳಿದ ತುದಿಯನ್ನು ಕೆಳಗಿನ ಬ್ರಾಕೆಟ್ ಸುತ್ತಿಸಿ ಮೇಲೆ ತಂದು ಕುಣಿಕೆಯೊಳಗೆ ತೂರಿಸಿ. ಈಗ ಕೆಳಕ್ಕೆ ಜಗ್ಗಿ. ಬರೀ ಕೈಯಲ್ಲಿ ಎಳೆದಾಗ ಬಾರದ ಬಿಗಿ ಇಲ್ಲಿ ಬರುತ್ತದೆ. ಆ ಬಿಗಿ ಬಿಡದ ಹಾಗೆ ಕುಣಿಕೆಯ ಬಾಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಕೆಳಗೆ ಎರಡು ಸುತ್ತು ಹಾಕಿ ಮುಗಿಸಿ. ಉಳಿದ ಬಾಲವನ್ನು ನೇತಾಡಲು ಬಿಡಬೇಡಿ. ಅದು ಚೈನಿಗೋ ಚಕ್ರಕ್ಕೋ ಸಿಕ್ಕಿದರೆ ಹಿಂದಿನ ಚಕ್ರ ಓಡುತ್ತಿದ್ದ ಹಾಗೇ ಜಾಮ್ ಆಗುತ್ತದೆ.

ಕಟ್ಟಿದ ಮೇಲೆ ಪರೀಕ್ಷೆ ಒಂದೇ. ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲುಗಿಸಿ. ಬ್ಯಾಗ್ ಅಲುಗಿದರೆ ಬಿಚ್ಚಿ ಮತ್ತೆ ಕಟ್ಟಬೇಕು. ಬ್ಯಾಗ್ ಜೊತೆ ಇಡೀ ಗಾಡಿ ಅಲುಗಿದರೆ ಹೊರಡಬಹುದು. ನನ್ನ ಹತ್ತಿರ ಬರುವ ಹುಡುಗರಿಗೆ ನಾನು ಹೇಳುವುದೂ ಇದನ್ನೇ, ಬೇರೆಲ್ಲ ಇದರ ಹಿಂದೆ ಬರುತ್ತದೆ. ಹೊರಟ ಮೇಲೂ ಒಂದು ಸಲ ನೋಡಬೇಕು, ಯಾಕೆಂದರೆ ಒಳಗಿನ ಬಟ್ಟೆಬರೆ ಅದುರಿ ಕೂತು ಹಗ್ಗ ಸಡಿಲವಾಗಿರುತ್ತದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಹೇಗೂ ನಿಲ್ಲಿಸುತ್ತೀರಿ, ಅಲ್ವಾ? ಘಾಟಿ ಶುರುವಾಗುವುದು ಆಮೇಲೆ. ಕೈ ತೊಳೆದುಕೊಂಡು ಬಂದು ಅಲ್ಲೇ ಇನ್ನೊಮ್ಮೆ ಬಿಗಿಯಿರಿ.

ಇನ್ನು ಗಾಡಿಯ ಕಡೆ. ಭಾರದ ಸಾಮಾನು ಬ್ಯಾಗಿನ ಅಡಿಯಲ್ಲಿ, ನಿಮ್ಮ ಬೆನ್ನಿನ ಹತ್ತಿರ ಇರಲಿ. ಹಿಂದಿನ ಚಕ್ರದ ಅಚ್ಚಿಗಿಂತ ಹಿಂದಕ್ಕೆ ಭಾರ ಹೋದಷ್ಟೂ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ತೇಲಾಡುತ್ತದೆ. ಟೈರಿನ ಗಾಳಿ ಎಷ್ಟಿರಬೇಕು ಅಂತ ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ, ಒಬ್ಬರಿಗೆ ಬೇರೆ, ಇಬ್ಬರಿಗೆ ಬೇರೆ. ಭಾರ ಹೇರಿದ ದಿನ ಹಿಂದಿನ ಟೈರಿಗೆ ಇಬ್ಬರ ಲೆಕ್ಕದ ಗಾಳಿ ಹಾಕಿಸಿ. ಹಿಂದಿನ ಶಾಕ್ ಅಬ್ಸಾರ್ಬರ್ ಬುಡದಲ್ಲಿ ಕಚ್ಚು ಕಚ್ಚಾಗಿರುವ ರಿಂಗ್ ಇದ್ದರೆ ಒಂದೆರಡು ಕಚ್ಚು ಏರಿಸಿ, ಎರಡೂ ಕಡೆ ಒಂದೇ ಸಮ. ಇಲ್ಲದಿದ್ದರೆ ಹಿಂಭಾಗ ಕುಸಿದು ಹೆಡ್‌ಲೈಟ್ ಮೇಲಕ್ಕೆ ನೋಡುತ್ತದೆ. ಚಾರ್ಮಾಡಿಯ ಮಂಜಿನಲ್ಲಿ ಲೈಟ್ ಮೇಲಕ್ಕಿದ್ದರೆ ಎದುರಿಗೆ ಬರೀ ಬಿಳಿ. ರಸ್ತೆ ಕಾಣುವುದಿಲ್ಲ. ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯಲಿ, ಬ್ರೇಕನ್ನು ಒತ್ತಿಕೊಂಡೇ ಇರಬೇಡಿ.

ಪ್ರಶ್ನೆ: ಎರಡೂ ಪಕ್ಕ ಇಳಿಬಿಡುವ ಸ್ಯಾಡಲ್ ಬ್ಯಾಗ್ ತಗೊಂಡೆ. ಮೊದಲ ಸಲ ಬಿಸಿಲೆಗೆ ಹೋಗಿ ಬರುವಷ್ಟರಲ್ಲಿ ಬಲಗಡೆಯದ್ದು ಸುಟ್ಟು ತೂತಾಗಿದೆ. (ಕಾಲೇಜು ವಿದ್ಯಾರ್ಥಿ, ಹಾಸನ)

ಉತ್ತರ: ಸೈಲೆನ್ಸರ್ ಬಲಗಡೆ ಇದೆ, ಅದಕ್ಕೇ. ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿ ನೋಡಿದಾಗ ಅಂತರ ಇದ್ದ ಹಾಗೆ ಕಾಣುತ್ತದೆ. ತುಂಬಿದ ಮೇಲೆ ಬ್ಯಾಗ್ ಜೋತು ಬೀಳುತ್ತದೆ, ಹಳ್ಳಕ್ಕೆ ಗಾಡಿ ಇಳಿದಾಗ ಇನ್ನೂ ಕೆಳಕ್ಕೆ ಹೋಗುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಬಾಗಿಸಿದ ಪೈಪಿನ ಸ್ಟೇ ಎರಡು ಕಡೆಗೂ ಮಾಡಿಸಿ, ಚಾಸಿಸ್ ಬೋಲ್ಟಿಗೇ ಕೂರಿಸಿ. ಬ್ಯಾಗ್ ಅದರ ಮೇಲೆ ಒರಗಬೇಕು. ಎಡಗಡೆ ಸೀರೆ ಗಾರ್ಡ್ ತೆಗೆಸಿದ್ದೀರಾ? ಹಾಗಿದ್ದರೆ ವಾಪಸ್ ಹಾಕಿಸಿ. ಬ್ಯಾಗಿನ ಪಟ್ಟಿ ಚಕ್ರಕ್ಕೆ ಹೋಗದ ಹಾಗೆ ತಡೆಯುವುದೂ ಅದೇ. ಎರಡೂ ಬ್ಯಾಗಿನ ತೂಕ ಕೈಯಲ್ಲಿ ಎತ್ತಿ ನೋಡಿ ಸಮ ಮಾಡಿಕೊಳ್ಳಿ.

ಪ್ರಶ್ನೆ: ತೋಟದಿಂದ ರಸ್ತೆವರೆಗೆ ಜೀಪು ಬರುವುದಿಲ್ಲ. ಕಾಫಿ ಮೂಟೆಯನ್ನು ಬೈಕಿನ ಟ್ಯಾಂಕ್ ಮೇಲೆ ಇಟ್ಟುಕೊಂಡು ತರುತ್ತೇನೆ. ಅಪಾಯ ಅಂತ ಎಲ್ಲರೂ ಹೇಳುತ್ತಾರೆ, ದಾರಿ ಮಾತ್ರ ಯಾರೂ ಹೇಳುವುದಿಲ್ಲ. (ಸಣ್ಣ ಬೆಳೆಗಾರರು, ಆಲ್ದೂರು)

ಉತ್ತರ: ನಿಮ್ಮ ಮಾತು ನನಗೆ ತಟ್ಟಿತು. ಕುಯ್ಲಿನ ದಿನಗಳಲ್ಲಿ ಆಳು ಸಿಗುವುದೇ ಕಷ್ಟ, ಬಾಡಿಗೆ ಗಾಡಿಗೆ ಕಾಯಲು ಆಗುವುದಿಲ್ಲ. ಹಾಗಾಗಿ ದಾರಿ ಹೇಳುತ್ತೇನೆ. ಆದರೆ ಟ್ಯಾಂಕ್ ಮೇಲೆ ಮಾತ್ರ ಖಂಡಿತ ಬೇಡ. ಮೂಟೆ ಅಲ್ಲಿದ್ದರೆ ಹ್ಯಾಂಡಲ್ ಪೂರ್ತಿ ತಿರುಗುವುದಿಲ್ಲ, ಗುಂಡಿ ತಪ್ಪಿಸಲು ಹೋದಾಗ ಅರ್ಧಕ್ಕೇ ನಿಲ್ಲುತ್ತದೆ. ಬಿದ್ದರೆ ಮೂಟೆ ನಿಮ್ಮ ಎದೆಯ ಮೇಲೆ.

ಮೊದಲು ತೂಕ. 100 ಸಿಸಿ ಗಾಡಿಗಳು ಸಾಮಾನ್ಯವಾಗಿ ಹೊರಬಹುದಾದದ್ದು 130 ಕೆಜಿ ಆಸುಪಾಸು, ಸವಾರನೂ ಸೇರಿ. ನೀವು 70 ಕೆಜಿ, ಮೂಟೆ 50 ಕೆಜಿ ಅಂದರೆ ಅಲ್ಲಿಗೆ ಮುಗಿಯಿತು. ಮೂಟೆಯ ಮೇಲೆ ಇನ್ನೊಬ್ಬರನ್ನು ಕೂರಿಸಿಕೊಂಡು ಹೋಗುವುದನ್ನು ನಾನು ದಿನಾ ನೋಡುತ್ತೇನೆ. ದಯವಿಟ್ಟು ಬೇಡ.

ಸಾಧ್ಯವಾದರೆ ಮೂಟೆಯನ್ನು ಎರಡು ಅರ್ಧ ಚೀಲ ಮಾಡಿ, ಎರಡು ಸಲ ಬನ್ನಿ. ಒಂದೇ ಸಲ ತರಲೇಬೇಕು ಅಂದರೆ ಸೀಟಿನ ಮೇಲೆ ಉದ್ದಕ್ಕೆ ಮಲಗಿಸಿ, ಅಡ್ಡಕ್ಕಲ್ಲ. ಅಡ್ಡ ಹಾಕಿದರೆ ಎರಡು ಕಡೆಯೂ ಚಾಚಿಕೊಂಡು ಗಿಡಕ್ಕೆ, ಬೇಲಿಗೆ, ಎದುರು ಬರುವ ಗಾಡಿಗೆ ತಗಲುತ್ತದೆ. ಮಲಗಿಸಿದ ಮೇಲೆ ಮೂಟೆಯ ನಡುವೆ ಮೊಣಕಾಲು ಊರಿ ಒತ್ತಿ. ಬೀಜ ಎರಡೂ ಪಕ್ಕಕ್ಕೆ ಇಳಿದು ಮೂಟೆ ಸೀಟನ್ನು ಕಚ್ಚಿ ಕೂರುತ್ತದೆ. ಇದು ಪೆಟ್ಟಿಗೆಯಲ್ಲಿ ಆಗದ, ಮೂಟೆಯಲ್ಲಿ ಮಾತ್ರ ಆಗುವ ಅನುಕೂಲ. ಆಮೇಲೆ ಮೂರು ಕಡೆ ಹಗ್ಗ, ಮೇಲೆ ಹೇಳಿದ ಗಂಟು. ಗೋಣಿ ಚೀಲ ಸೀಟನ್ನು ಹಿಡಿಯುತ್ತದೆ, ಪ್ಲಾಸ್ಟಿಕ್ ಚೀಲ ಜಾರುತ್ತದೆ, ಅಡಿಗೆ ಗೋಣಿ ಹಾಸಿಕೊಳ್ಳಿ. ಟಿವಿಎಸ್ ಎಕ್ಸ್‌ಎಲ್ ಇರುವವರಿಗೆ ಇಷ್ಟು ಕಷ್ಟವಿಲ್ಲ. ಕಾಲಿಡುವ ಜಾಗದಲ್ಲೇ ಭಾರ ನೆಲದ ಹತ್ತಿರ ಕೂರುತ್ತದೆ. ಮಲೆನಾಡಿನ ತೋಟಗಳಲ್ಲಿ ಅದನ್ನು ಅಷ್ಟು ಜನ ಇಟ್ಟುಕೊಂಡಿರುವುದು ಸುಮ್ನೆ ಅಲ್ಲ.

ಹಾಲಿನ ಕ್ಯಾನ್ ತರುವವರೂ ಕೇಳಿದ್ದಾರೆ. ಅರ್ಧ ತುಂಬಿದ ಕ್ಯಾನ್ ತುಂಬಿದ್ದಕ್ಕಿಂತ ಕಷ್ಟ, ಒಳಗಿನ ಹಾಲು ತಿರುವಿನಲ್ಲಿ ಹೊಯ್ದಾಡಿ ಗಾಡಿಯನ್ನು ಎಳೆಯುತ್ತದೆ. ಒಂದು ಕ್ಯಾನ್ ಪೂರ್ತಿ ತುಂಬಿಸಿ, ಅರ್ಧರ್ಧ ಎರಡು ಬೇಡ.

ಪ್ರಶ್ನೆ: ನಮ್ಮ ಯಜಮಾನರು ಗ್ಯಾಸ್ ಸಿಲಿಂಡರನ್ನು ಸೀಟಿನ ಮೇಲೆ ಮಲಗಿಸಿ ಕಟ್ಟಿಕೊಂಡು ಬರುತ್ತಾರೆ. ಮೂರು ವರ್ಷದ ಮಗನನ್ನು ಟ್ಯಾಂಕ್ ಮೇಲೆ ಕೂರಿಸಿಕೊಳ್ಳುತ್ತಾರೆ. ಹೇಳಿದರೆ ಕೇಳುವುದಿಲ್ಲ. (ಗೃಹಿಣಿ, ಅರಕಲಗೂಡು)

ಉತ್ತರ: ಅಮ್ಮಾ, ಈ ಪುಟವನ್ನೇ ಅವರಿಗೆ ಓದಲು ಕೊಡಿ. ಯಜಮಾನರೇ, ತುಂಬಿದ ಸಿಲಿಂಡರಿನಲ್ಲಿ 14.2 ಕೆಜಿ ಗ್ಯಾಸ್, ಕಬ್ಬಿಣದ ತೂಕವೂ ಸುಮಾರು ಅಷ್ಟೇ, ಒಟ್ಟು 30 ಕೆಜಿ ಹತ್ತಿರ. ದುಂಡಗಿನ ನುಣುಪು ಕಬ್ಬಿಣಕ್ಕೆ ಹಗ್ಗ ನಿಲ್ಲುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಒಳಗಿರುವುದು ದ್ರವ. ನೆಟ್ಟಗೆ ನಿಲ್ಲಿಸಿದಾಗ ವಾಲ್ವ್ ಹತ್ತಿರ ಆವಿ ಮಾತ್ರ ಇರುತ್ತದೆ, ಮಲಗಿಸಿದರೆ ದ್ರವವೇ ವಾಲ್ವಿಗೆ ಬರುತ್ತದೆ. ಆಗ ಸೋರಿದರೆ ಬಹಳ ಪಟ್ಟು ಜಾಸ್ತಿ ಗ್ಯಾಸ್ ಹೊರಬರುತ್ತದೆ, ಅದೂ ಕಾದ ಸೈಲೆನ್ಸರ್ ಪಕ್ಕದಲ್ಲಿ. ಮನೆಗೆ ತಂದುಕೊಡುವ ವ್ಯವಸ್ಥೆ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಆಟೋದಲ್ಲಿ ನೆಟ್ಟಗೆ ನಿಲ್ಲಿಸಿ, ಮುಚ್ಚಳ ಹಾಕಿ ತನ್ನಿ.

ಮಗುವಿನ ವಿಷಯ. ಟ್ಯಾಂಕ್ ಮೇಲೆ ಕೂತ ಮಗುವಿಗೆ ಹಿಡಿಯಲು ಏನೂ ಇಲ್ಲ, ಬ್ರೇಕ್ ಹಿಡಿದರೆ ಮೊದಲು ಮುಂದಕ್ಕೆ ಹೋಗುವುದು ಅದೇ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸವಾರನ ಮೈಗೆ ಸೇರಿಸಿ ಕಟ್ಟುವ ಬೆಲ್ಟು, ಮಗುವಿನ ಅಳತೆಯ ಹೆಲ್ಮೆಟ್ಟು, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ. ಇದು 2023ರಿಂದ ಕಾನೂನೇ ಆಗಿದೆ. ಆ ಬೆಲ್ಟನ್ನು ಇವತ್ತೇ ತನ್ನಿ.

ಪ್ರಶ್ನೆ: ಹಿಂದೆ ಪೆಟ್ಟಿಗೆ ಕೂರಿಸಿದರೆ ದಂಡ ಹಾಕುತ್ತಾರಾ? (ಔಷಧಿ ಮಾರಾಟ ಪ್ರತಿನಿಧಿ, ಬೇಲೂರು)

ಉತ್ತರ: ಅಳತೆಯೊಳಗಿದ್ದರೆ ಇಲ್ಲ. 2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ ಹಗುರ ಪೆಟ್ಟಿಗೆಗೆ ಅಳತೆ ಹೇಳಿದೆ. ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್ ಮೀರಬಾರದು. ಹಿಂಬದಿ ಸವಾರರ ಜಾಗದಲ್ಲಿ ಪೆಟ್ಟಿಗೆ ಇಟ್ಟರೆ ನೀವೊಬ್ಬರೇ ಹೋಗಬೇಕು. ಅವರ ಜಾಗದ ಹಿಂದೆ ಕೂರಿಸಿದ್ದರೆ ಇಬ್ಬರು ಹೋಗಬಹುದು. ಹಿಂದಿನ ಲೈಟು, ಇಂಡಿಕೇಟರು, ನಂಬರ್ ಪ್ಲೇಟು ಮುಚ್ಚಬಾರದು. ಪೆಟ್ಟಿಗೆಯ ಬೋಲ್ಟುಗಳಿಗೆ ಲಾಕ್ ನಟ್ ಹಾಕಿಸಿ, ಸಾದಾ ನಟ್ ಅದುರಿ ಬಿಚ್ಚಿಕೊಳ್ಳುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಬ್ಯಾಗಿನ ಮೇಲೆ ರೇನ್ ಕವರ್ ಹಾಕಿದರೂ ಬಟ್ಟೆ ನೆನೆಯುತ್ತದೆ. (ಶಿಕ್ಷಕರು, ಸಕಲೇಶಪುರ)

ಉತ್ತರ: ನಮ್ಮ ಕಡೆಯ ಮಳೆಗೆ ಮೇಲಿನ ಕವರ್ ಸಾಲದು. ಚಕ್ರ ಎರಚುವ ನೀರು ಅಡಿಯಿಂದ ಬರುತ್ತದೆ, ಗಾಳಿಗೆ ಕವರ್ ಹಾರಿ ಚಕ್ರಕ್ಕೆ ಸಿಕ್ಕುವ ಭಯ ಬೇರೆ. ಪ್ಲಾಸ್ಟಿಕ್ ಇರಬೇಕಾದದ್ದು ಬ್ಯಾಗಿನ ಒಳಗೆ. ದಪ್ಪ ಪ್ಲಾಸ್ಟಿಕ್ ಚೀಲವನ್ನು ಬ್ಯಾಗಿನೊಳಗೆ ಮೊದಲು ಇಳಿಸಿ, ಅದರಲ್ಲಿ ಬಟ್ಟೆ ತುಂಬಿ, ಗಾಳಿ ಒತ್ತಿ ತೆಗೆದು, ಬಾಯಿ ತಿರುಚಿ ಮಡಚಿ ಕಟ್ಟಿ. ನೈಲಾನ್ ಹಗ್ಗ ನೆಂದರೆ ಸ್ವಲ್ಪ ಹಿಗ್ಗುತ್ತದೆ, ಮಳೆ ಹಿಡಿದ ಮೇಲೆ ನಿಲ್ಲಿಸಿ ಇನ್ನೊಂದು ಸಲ ಜಗ್ಗಿ. ಲ್ಯಾಪ್‌ಟಾಪ್ ಇದ್ದರೆ ಅದನ್ನು ಸೀಟಿಗೆ ಕಟ್ಟಬೇಡಿ, ಅದುರುವಿಕೆಗೆ ಹಾಳಾಗುತ್ತದೆ. ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಬೆನ್ನಿನ ಬ್ಯಾಗಿನಲ್ಲಿಟ್ಟು, ರೇನ್‌ಕೋಟನ್ನು ಅದರ ಮೇಲೆ ಹಾಕಿಕೊಳ್ಳಿ.