ಗುದ್ದಲಿ ತಾಗಿದ್ದಲ್ಲ

ಪ್ರಶ್ನೆ: ಕೊಡಗಿನ ನಮ್ಮ ಕಾಫಿ ತೋಟದಲ್ಲಿ ಮಣ್ಣು ಅಗೆಯುವಾಗ ಗೇಣುದ್ದದ ಕಪ್ಪು ಹಾವು ಸಿಕ್ಕಿತು. ಬಾಲ ಓರೆಯಾಗಿ ಕತ್ತರಿಸಿದಂತಿತ್ತು. ಗುದ್ದಲಿ ತಾಗಿರಬಹುದೇ? ವಿಷದ ಹಾವೇ?

ಉತ್ತರ: ಪಾಪ, ಗುದ್ದಲಿಯನ್ನು ದೂರಬೇಡಿ! ನೀವು ಹೇಳಿದ್ದು ನೋಡಿದರೆ ಅದು ಗುರಾಣಿಬಾಲದ ಹಾವು. ಬಾಲ ಇರುವುದೇ ಹಾಗೆ. ಈ ಕುಟುಂಬದ ಹಾವುಗಳು ಭಾರತ, ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲ. ನನಗಂತೂ ಆ ಬಾಲದ್ದೇ ಸೋಜಿಗ. ತುದಿಯ ಒರಟು ಹುರುಪೆಗಳಿಗೆ ಮಣ್ಣು ಮೆತ್ತಿಕೊಂಡು, ಹಾವು ಒಳಹೊಕ್ಕ ಬಿಲಕ್ಕೆ ಬಿರಡೆ ಜಡಿದಂತಾಗುತ್ತದೆ. ಚೂಪು ಮೂತಿಯಿಂದ ಮಣ್ಣು ಕೊರೆಯುತ್ತದೆ, ಎರೆಹುಳು ತಿನ್ನುತ್ತದೆ, ಮೊಟ್ಟೆಯಿಡದೆ ಮರಿ ಹಾಕುತ್ತದೆ. ವಿಷವಿಲ್ಲ. ಹಾಗಂತ ಗುರುತು ಖಚಿತವಾಗದ ಹಾವಿಗೆ ಬರಿಗೈ ಹಾಕಬೇಡಿ. ಅಗೆತ ನಿಲ್ಲಿಸಿ, ತಾನೇ ಹಸಿಮಣ್ಣಿಗೆ ಇಳಿದುಹೋಗಲು ಬಿಡಿ.