ಕೇಳಿ, ಹೇಳ್ತೀವಿ: ಟಾರ್ಪಾಲ್ ಕೆಳಗೆ ಇರೋದು ಯಾವ ಕಾರು?

ಹೋದ ಸಂಚಿಕೇಲಿ "ನಿಮ್ಮೂರಲ್ಲಿ ಕಂಡ ಅಪರೂಪದ ಕಾರಿನ ಬಗ್ಗೆ ಬರೀರಿ" ಅಂತ ಒಂದು ಸಾಲು ಹಾಕಿದ್ದಷ್ಟೇ, ಕಾಗದ, ವಾಟ್ಸಾಪು ಅಂತ ರಾಶಿ ಬಂದ್ಬಿಟ್ಟಿದೆ. ಕೈಗೆ ಸಿಕ್ಕಿದ್ದಕ್ಕೆ ಉತ್ತರ ಕೊಡ್ತಿದೀನಿ.

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ, ಕಾರಿನ ಹುಚ್ಚು. ಲ್ಯಾಂಬೋರ್ಗಿನಿ, ಫೆರಾರಿ ಅಂತ ಕನವರಿಸ್ತಾನೆ, ನಮ್ಮೂರಿಗೆ ಅವೆಲ್ಲ ಎಲ್ಲಿ ಬರತ್ತೆ? ಇಲ್ಲಿ ನೋಡೋಕೆ ಏನಿದೆ ಸಾರ್? (ಓದುಗರು, ಶಿವಮೊಗ್ಗ)

ಲ್ಯಾಂಬೋರ್ಗಿನಿ ನೋಡ್ಬೇಕಂದ್ರೆ ಬೆಂಗಳೂರಿಗೆ ಬಂದು ಭಾನುವಾರ ಬೆಳಿಗ್ಗೆ ಏರ್‌ಪೋರ್ಟ್ ರೋಡಲ್ಲಿ ಕಾಫಿ ಹಿಡ್ಕೊಂಡು ನಿಂತ್ಕೊಳ್ಳಿ, ತಾನಾಗೇ ಬರತ್ತೆ, ಅದ್ರಲ್ಲೇನು ಮಜಾ. ನಿಜಕ್ಕೂ ಮಾಯ ಆಗಿರೋದು ಒಂದು ಕಾಲದಲ್ಲಿ ಎಲ್ಲರ ಮನೆ ಮುಂದೇನೂ ನಿಂತಿರ್ತಿದ್ದ ಕಾರುಗಳು. ಮಾರುತಿ 800 ಅಂದ್ರೆ ನಮ್ಮ ಕಣ್ಣಿಗೆ ಬರೋದು 1986ರಲ್ಲಿ ಬಂದ ದುಂಡು ಮೂತಿಯದ್ದು, ಆದ್ರೆ 1983ರ ಡಿಸೆಂಬರಲ್ಲಿ ಮೊದಲು ಬಂದಿದ್ದು ಬಿಸ್ಕತ್ ಡಬ್ಬಿ ತರ ಚೌಕಾಕಾರದ್ದು, ಅದು ಓಡಾಡ್ತಿರೋದು ಕಂಡ್ರೆ ಮಗನ್ನ ಕರ್ಕೊಂಡು ಹೋಗಿ ಮುಟ್ಟಿಸಿ. ಪ್ರೀಮಿಯರ್ 118 ಎನ್‌ಇ, ಸ್ಟ್ಯಾಂಡರ್ಡ್ 2000, ಹಿಂದಿನ ಸೀಟಿನ ಪಕ್ಕ ದೊಡ್ಡ ಗಾಜಿದ್ದು ಬಾಗಿಲೇ ಇಲ್ದಿರೋ 1991ರ ಹಳೇ ಟಾಟಾ ಸಿಯೆರಾ, ಇವೆಲ್ಲ ಅದೇ ಪಟ್ಟಿ.

ಹುಡುಕೋದು ರಸ್ತೇಲಲ್ಲ. ಟಿಂಕರಿಂಗ್ ಶೆಡ್ಡಿನ ಹಿತ್ಲು, ಹಳೇ ಡಾಕ್ಟ್ರ ಮನೆ ಕಾಂಪೌಂಡು, ಮಾವಿನ ಮರದ ಕೆಳಗೆ ಟಾರ್ಪಾಲ್ ಹೊದ್ಕೊಂಡು ಕೂತಿರೋದು. ನಂಬರ್ ಪ್ಲೇಟ್ ಮೊದಲು ನೋಡ್ಲಿ, ಕೆಎ ಅನ್ನೋದು 1989ರಲ್ಲಿ ಬಂದಿದ್ದು, ಅದಕ್ಕೂ ಮುಂಚಿನ ನಮ್ಮ ಗಾಡಿಗಳಿಗೆ ಎಂವೈ, ಎಂಇ, ಸಿಎ ಅಂತ ಶುರುವಾಗೋ ನಂಬರು (ಕೆಎ ಇದ್ರೆ ಹೊಸದು ಅಂತಾನೂ ಅಲ್ಲ, ಬೇರೆ ರಾಜ್ಯದಿಂದ ತಂದು ಇಲ್ಲಿ ಮತ್ತೆ ರಿಜಿಸ್ಟರ್ ಮಾಡ್ಸಿರ್ತಾರೆ). ಶೆಡ್ಡಲ್ಲಿ ಯಾವ್ದಾದ್ರೂ ಕಾರಿನ ಬಾನೆಟ್ಟು, ಎರಡೂ ಮಡ್‌ಗಾರ್ಡು ಸಮೇತ ಇಡೀ ಮೂತೀನೇ ಮುಂದಕ್ಕೆ ಮಗುಚಿಕೊಂಡಿದ್ರೆ ಅದು ಮದ್ರಾಸಲ್ಲಿ ತಯಾರಾಗ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್, ಕಣ್ಮುಚ್ಚಿ ಹೇಳ್ಬಹುದು.

ಪ್ರಶ್ನೆ: ನಮ್ಮ ಓಣ್ಯಾಗ ಒಂದು ಸಣ್ಣ ಕಾರು ನಿಂತದ, ಎರಡ ಬಾಗಲಾ, ಹಿಂದ ಡಾಲ್ಫಿನ್ ಅಂತ ಬರದದ. ಬೆರಳಲೆ ಬಡದ್ರ ತಗಡಿನ ಸಪ್ಪಳ ಬರೂದಿಲ್ಲ, ಪ್ಲಾಸ್ಟಿಕ್ ಬಕೆಟ್ ಬಡದಂಗ ಆಗತದ. ಯಾರರೆ ಮನ್ಯಾಗ ಮಾಡ್ಯಾರೇನು? (ಓದುಗರು, ಹುಬ್ಬಳ್ಳಿ)

ಅಯ್ಯೋ, ಮನೇಲಿ ಮಾಡಿದ್ದಲ್ಲ ಸ್ವಾಮಿ, ಬೆಂಗಳೂರಲ್ಲೇ ಮಾಡಿದ್ದು! ಈ ತಿಂಗಳ ಅತಿ ಒಳ್ಳೇ ಬೇಟೆ ನಿಮ್ಮದೇ. ಅದು ಸಿಪಾನಿ ಡಾಲ್ಫಿನ್, 1982ರ ಸುಮಾರಿಗೆ ಬಂದಿದ್ದು, ಇಂಗ್ಲೆಂಡಿನ ರಿಲಯಂಟ್ ಕಿಟನ್ ಅನ್ನೋ ಕಾರನ್ನೇ ಇಲ್ಲಿ ತಂದು ಮಾಡಿದ್ದು, ಎಂಜಿನ್ 848 ಸಿಸಿ. ಬಾಡಿ ಫೈಬರ್‌ಗ್ಲಾಸು, ಅದಕ್ಕೇ ಆ ಬಕೆಟ್ ಸದ್ದು. ಇದೇ ಮಂದಿ ಅದಕ್ಕೂ ಮುಂಚೆ 1970ರ ದಶಕದಲ್ಲಿ ಬಾದಲ್ ಅಂತ ಮೂರು ಚಕ್ರದ ಕಾರು ಬಿಟ್ಟಿದ್ರು, ಮುಂದೆ ಒಂದೇ ಚಕ್ರ, ಹಿಂದೆ 198 ಸಿಸಿ ಎಂಜಿನ್ನು, ಅದನ್ನ ನೋಡಿದ್ರೆ ಇನ್ನೂ ನಗ್ತಿದ್ರಿ.

ಡಾಲ್ಫಿನ್ ತೂಕ ಕಮ್ಮಿ, ಹಾಗಾಗಿ ರ‍್ಯಾಲಿಗಳಲ್ಲಿ ಚೆನ್ನಾಗೇ ಓಡ್ತಿತ್ತು, ಆದ್ರೆ ಸಂಸಾರಸ್ಥರಿಗೆ ಎರಡೇ ಬಾಗಿಲು ಅಂದ್ರೆ ಕಷ್ಟ, ಅಜ್ಜಿನ ಹಿಂದಿನ ಸೀಟಿಗೆ ಹತ್ತಿಸೋದು ಹೇಗೆ? ಅಷ್ಟರಲ್ಲಿ ಮಾರುತಿನೂ ಬಂತು, ಆಮೇಲೆ ಇವ್ರು ಮೊಂಟಾನಾ ಅಂತ ನಾಲ್ಕು ಬಾಗಿಲಿನದ್ದು ಮಾಡಿದ್ರೂ ಕಾಲ ಮಿಂಚಿತ್ತು. ಮಹಾರಾಜರ ರೋಲ್ಸ್ ರಾಯ್ಸ್ ಆದ್ರೆ ಹೊದಿಕೆ ಹಾಕಿ ಕಾಯೋರಿರ್ತಾರೆ, ಡಾಲ್ಫಿನ್ನಿಗೆ ಯಾರಿದ್ದಾರೆ, ಗುಜರಿಗೂ ಬೇಡ, ಫೈಬರ್ ತೂಕಕ್ಕೆ ಏನು ಬೆಲೆ ಬರತ್ತೆ. ಮಾಲೀಕರ ಹತ್ರ ಒಮ್ಮೆ ಮಾತಾಡಿ, ಬಾಡಿ ತುಕ್ಕು ಹಿಡಿಯಲ್ಲ ಅಂತ ಸುಮ್ನೆ ಕೂರ್ಬೇಡಿ, ಕೆಳಗಿರೋ ಚಾಸಿ ಕಬ್ಬಿಣದ್ದೇ, ಅದನ್ನ ಬಗ್ಗಿ ನೋಡೋಕೆ ಹೇಳಿ.

ಪ್ರಶ್ನೆ: ಇಲ್ಲಿ ಪಕ್ಕದ ಬೀದೀಲಿ ಆಟಿಕೆ ತರ ಪುಟಾಣಿ ಕಾರು, ಜಿ-ವಿಜ್ ಅಂತೆ. ಎಲ್ಲೋ ನೋಡಿದೀನಿ ಅನ್ಸತ್ತೆ. (ಓದುಗರು, ಲಂಡನ್)

ನೋಡೇ ಇರ್ತೀರಿ, ಅದು ನಮ್ಮ ರೇವಾ! 2001ರಲ್ಲಿ ಬೆಂಗಳೂರಲ್ಲಿ ಶುರುವಾದ ಕರೆಂಟ್ ಕಾರು, ಅಲ್ಲಿ ಹೆಸರು ಬದಲಾಯಿಸ್ಕೊಂಡು ಮಾರಿದ್ರು, ಲಂಡನ್ ಊರೊಳಗೆ ಕಾರು ತರೋಕೆ ಕೊಡ್ಬೇಕಾದ ಕಂಜೆಶನ್ ಚಾರ್ಜು ಇದಕ್ಕೆ ಇರ್ಲಿಲ್ಲ ಅಂತ ಜನ ತಗೊಂಡ್ರು. ಇದರದ್ದೂ ಪ್ಲಾಸ್ಟಿಕ್ ಮೈ ನೋಡಿ. ಬೆಂಗಳೂರಿನೋರಿಗೆ ಏನೋ ತಗಡಂದ್ರೆ ಆಗಲ್ಲ.

ಪ್ರಶ್ನೆ: ಅಜ್ಜಯ್ಯ ಓಡಿಸ್ತಿದ್ದ 1966ರ ಫಿಯಟ್ ಕೊಟ್ಟಿಗೆಯಲ್ಲಿ ಉಂಟು, ಹದಿನೈದು ವರ್ಷದಿಂದ ಚಾಲು ಮಾಡಿಲ್ಲ. ಗುಜರಿಯವರು ಎರಡು ಸಲ ಬಂದು ಹೋದರು. ಇಟ್ಟುಕೊಳ್ಳುವುದಾ, ಕೊಡುವುದಾ? (ಓದುಗರು, ಕುಂದಾಪುರ)

ಕೊಡ್ಬೇಡಿ. ಆ ವರ್ಷದ್ದು ಅಂದ್ರೆ 1100 ಡಿಲೈಟ್ ಇರತ್ತೆ, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಒಂದ್ಸಲ ಮುಂದಿನ ಬಾಗಿಲು ತೆಗೆದು ನೋಡಿ, ಕೀಲು ಹಿಂದಿನ ಕಡೆ ಇದ್ದು ಉಲ್ಟಾ ತೆರ್ಕೊಂಡ್ರೆ ಅದು ಇನ್ನೂ ಹಳೇ ಡುಕ್ಕರ್ ಫಿಯಟ್ಟು, ಆಗ ನನಗೊಂದು ಫೋನ್ ಹಾಕಿ.

ದಯವಿಟ್ಟು ಬ್ಯಾಟರಿ ತಂದು ಕೀಲಿ ತಿರುಗಿಸೋಕೆ ಹೋಗ್ಬೇಡಿ. ನನ್ನ ಸೋದರಮಾವ ಹೀಗೇ ಆತುರ ಮಾಡಿ, ಒಳಗೆ ಇಲಿ ವೈರ್ ಕಡಿದಿದ್ದು ಗೊತ್ತಾಗದೆ, ಬಾನೆಟ್ ಕೆಳಗಿಂದ ಹೊಗೆ ಬಂದು, ಕೊನೆಗೆ ಗೋಣಿ ಚೀಲ ಒದ್ದೆ ಮಾಡಿ ಹಾಕಿ ಆರಿಸಿದ್ವಿ. ಮೊದಲು ಹಳೇ ಪೆಟ್ರೋಲ್ ಪೂರಾ ಬಸೀರಿ, ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಚೂರು ಚೂರು ಆಯಿಲ್ ಬಿಟ್ಟು ಒಂದೆರಡು ದಿನ ಬಿಡಿ, ಆಮೇಲೆ ಕೈಯಲ್ಲೇ ಎಂಜಿನ್ ತಿರುಗತ್ತಾ ನೋಡಿ. ಬ್ರೇಕ್ ಸರಿ ಮಾಡ್ಸೋವರ್ಗೂ ಅಂಗಳ ದಾಟಿಸ್ಬೇಡಿ. ಇದೇ ಕಾರು ಮುಂದೆ ಪ್ರೀಮಿಯರ್ ಪದ್ಮಿನಿ ಅಂತ 2000ದ ಸುಮಾರಿನವರೆಗೂ ಬಂತಲ್ಲ, ಹಾಗಾಗಿ ಎಂಜಿನ್ ಸಾಮಾನು ಹುಡುಕಿದ್ರೆ ಸಿಗತ್ತೆ, ಕ್ರೋಮ್ ಬಂಪರು, ಬೀಡಿಂಗ್ ಇಂಥವೇ ತಲೆನೋವು, ಅವನ್ನ ಯಾರಿಗೂ ಬಿಚ್ಚಿ ಕೊಡ್ಬೇಡಿ.

ಆರ್‌ಸಿ ಬುಕ್ ಪೆಟ್ಟಿಗೇಲಿ ಇದ್ಯಾ ಹುಡುಕಿ, ಕಾರಿಗಿಂತ ಅದೇ ಮುಖ್ಯ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನಿಯಮ ತಂದಿದೆ, 50 ವರ್ಷ ದಾಟಿದ್ದು, ಮೂಲ ರೂಪ ಕೆಡಿಸದೇ ಇರೋದು ಅದರ ಕೆಳಗೆ ಬರತ್ತೆ. ಹೊಸದಾಗಿ ರಿಜಿಸ್ಟರ್ ಆದ್ರೆ ಪ್ಲೇಟಲ್ಲಿ ವಿಎ ಅಂತ ಅಕ್ಷರ, ಆಗ್ಲೇ ರಿಜಿಸ್ಟರ್ ಆಗಿದ್ರೆ ಅಜ್ಜಯ್ಯನ ನಂಬರನ್ನೇ ಉಳಿಸ್ಕೋಬಹುದು. ನಿಯಮ ಬಂದಾಗ ಹೊಸ ರಿಜಿಸ್ಟ್ರೇಶನ್ನಿಗೆ 20,000 ರೂಪಾಯಿ ಇಟ್ಟಿದ್ರು, ಹತ್ತು ವರ್ಷ ಚಾಲ್ತಿ. ಒಂದು ತೊಡಕು, ಹಾಗೆ ಮಾಡ್ಸಿದ್ಮೇಲೆ ದಿನಾ ಪೇಟೆಗೆ ಓಡಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕ್ಸೋಕೆ, ರಿಪೇರಿಗೆ ಅಷ್ಟೇ. ದಿನಾ ಓಡಿಸ್ಬೇಕು ಅಂದ್ರೆ ಮಾಮೂಲಿ ಆರ್‌ಸಿನೇ ಐದೈದು ವರ್ಷಕ್ಕೆ ಎಫ್‌ಸಿ ಮಾಡ್ಸಿ ರಿನ್ಯೂವಲ್ ಮಾಡ್ಕೊಳ್ಳಿ.

ಪ್ರಶ್ನೆ: ಮಕ್ಕಳಿಗೆ ಒಟ್ಟಿಗೇ ತುಂಬಾ ಹಳೇ ಕಾರು ತೋರಿಸೋಕೆ ಎಲ್ಲಿಗೆ ಹೋಗೋದು? (ಓದುಗರು, ಹಾಸನ)

ಧರ್ಮಸ್ಥಳಕ್ಕೆ ಹೋದಾಗ ಮಂಜೂಷಾ ಮ್ಯೂಸಿಯಂ ಬಿಡ್ಬೇಡಿ. ಮೈಸೂರು ಕಡೆ ಆದ್ರೆ ಶ್ರೀರಂಗಪಟ್ಟಣದ ಹತ್ರ ಪಯಣ ಅಂತ ಕಾರಿಗೇ ಮಾಡಿರೋ ಮ್ಯೂಸಿಯಂ ಇದೆ, ಅದೂ ಧರ್ಮಸ್ಥಳದವರದ್ದೇ.

ಪ್ರಶ್ನೆ: ಅಂಬಾಸಿಡರ್ ಅಪರೂಪದ ಲೆಕ್ಕಕ್ಕೆ ಬರತ್ತಾ? ಫೋಟೋ ಕಳ್ಸಿದೀನಿ. (ಓದುಗರು, ಮಂಡ್ಯ)

2014ರಲ್ಲಿ ತಯಾರಿ ನಿಂತಿದೆ ನಿಜ, ಆದ್ರೆ ಈ ತಿಂಗಳು ಬಂದ ಫೋಟೋಗಳಲ್ಲಿ ಅರ್ಧಕ್ಕರ್ಧ ಅಂಬಾಸಿಡರ್ರೇ, ಹಾಗಾಗಿ ಸದ್ಯಕ್ಕೆ ಇಲ್ಲ. ಅದಕ್ಕೂ ಹಿಂದಿನ ಲ್ಯಾಂಡ್‌ಮಾಸ್ಟರ್ ಕಂಡ್ರೆ ಹೇಳಿ, ಬಸ್ ಹತ್ತಿ ನಾನೇ ಬರ್ತೀನಿ. ಅಂದ ಹಾಗೆ ನಿಮ್ಮ ಫೋಟೋದಲ್ಲಿ ಅಂಬಾಸಿಡರ್ ಹಿಂದೆ, ಹುಲ್ಲಿನ ಮೆದೆ ಪಕ್ಕ, ಕಂದು ಬಣ್ಣದ ಕಾರಿನ ಮೂಲೆ ಒಂದು ಕಾಣ್ತಿದ್ಯಲ್ಲ, ಅದು ಯಾವ್ದು?