ಸಂಧ್ಯಾ ಸುರಕ್ಷಾ ಸಿಗಬೇಕಾದವರೊಳಗ ಎಷ್ಟು ಮಂದಿಗೆ ಸಿಗಾಕತ್ತೈತಿ, ಲೆಕ್ಕ ಹಿಡಿಯೋದು ಹೆಂಗ?

ನೀವು ಕೇಳಿದ್ದು ಇಷ್ಟು: ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯ ಓದಿನ) ಪ್ರಾಜೆಕ್ಟಿಗೆ ಜಮಖಂಡಿ ತಾಲೂಕಿನ ಸಂಧ್ಯಾ ಸುರಕ್ಷಾ (65 ದಾಟಿದ ಬಡವರಿಗೆ ರಾಜ್ಯ ಸರ್ಕಾರ ಕೊಡೋ ಮಾಸಾಶನ) ಫಲಾನುಭವಿಗಳ ಲಿಸ್ಟ್ ಸಿಕ್ಕೈತಿ, ಜನಗಣತಿಯಿಂದ 65 ದಾಟಿದವರ ಸಂಖ್ಯೆನೂ ತಗದೀರಿ, ಒಂದಕ್ಕೊಂದು ಭಾಗಿಸಿದ್ರ ಅರ್ಹರೊಳಗ ಶೇಕಡಾ ಎಷ್ಟು ಮಂದಿ ತಗೊಳ್ಳಾಕತ್ತಾರ ಅನ್ನೋದು ಬಂದಂಗ ಆತಲ್ಲ ಅಂತ. ಬರಂಗಿಲ್ರಿ. ಜನಗಣತಿ ಕಡೇದಾಗಿ ಮುಗದಿದ್ದು 2011ರಾಗ, ಅದು ಒಂದು ತೊಂದ್ರಿ. ಅದಕ್ಕಿಂತ ದೊಡ್ಡದು ಏನಂದ್ರ 65 ದಾಟಿದವರೆಲ್ಲಾ ಅರ್ಹರಲ್ಲ, ನಿವೃತ್ತ ಮಾಸ್ತರೂ ಅದರಾಗ ಬಂದ್ರು, ಇಪ್ಪತ್ತು ಎಕರೆ ಕಬ್ಬಿನ ಗೌಡ್ರೂ ಬಂದ್ರು.

ನಾನೂ ಬಾಗಲಕೋಟಿ ಜಿಲ್ಲಾದಾವ, ಹಳ್ಳಿ ಸರ್ವೇ ಕೆಲಸ ಮಾಡ್ತೀನಿ, ಜಮಖಂಡಿ ಮುಧೋಳ ಕಡೆ ಮನಿ ಮನಿಗೆ ಹೋಗಿ ಇದನ್ನ ಕೇಳಿದಾವ, ಅದಕ್ಕ ಸ್ವಲ್ಪ ಉದ್ದ ಬರಿಯಾಕತ್ತೀನಿ, ಪುರಸೊತ್ತಿನ್ಯಾಗ ಓದ್ರಿ.

ಮೊದಲ ಸೂತ್ರ ಸರಿ ಮಾಡ್ಕೋರಿ. ಮ್ಯಾಲ ಸಿಗಾಕತ್ತವರು, ಕೆಳಗ ಸಿಗಾಕತ್ತವರು ಮತ್ತ ಅರ್ಹರಿದ್ದೂ ಸಿಗದವರು, ಇಬ್ಬರನ್ನೂ ಕೂಡಿಸಿ. ಉದಾಹರಣೆಗೆ ಲಿಸ್ಟಿನ್ಯಾಗ 900 ಮಂದಿ, ಅರ್ಹರಿದ್ದೂ ಸಿಗದವರು 300 ಇದ್ರ 1200ರಾಗ 900, ಅಂದ್ರ ಶೇ 75. 900 ಅನ್ನೋದನ್ನ ಆಫೀಸು ಕೊಡತೈತಿ. ಆ 300 ಪೂರ್ತಿ ಯಾವ ಆಫೀಸಿನ್ಯಾಗೂ ಸಿಗಂಗಿಲ್ಲ, ಯಾಕಂದ್ರ ನಾಡಕಚೇರಿ ಮೆಟ್ಟಲ ಹತ್ತದವರ ಹೆಸರಿಲೆ ಅರ್ಜಿ ಫೈಲ್ ಇರಂಗಿಲ್ಲ, ನಂಬರ್ ಇರಂಗಿಲ್ಲ. ನಿಮ್ಮ ಪ್ರಾಜೆಕ್ಟಿನ ಖರೇ ಕೆಲಸ ಅಂದ್ರ ಆ 300 ಮಂದೀನ ಹುಡುಕೋದು.

ಬ್ರಿಟನ್ನಿನ್ಯಾಗ ಇದನ್ನ ಸರ್ಕಾರನ ಮಾಡತೈತಿ. ಅಲ್ಲಿ ಕಡಿಮಿ ಆದಾಯದ ವಯಸ್ಸಾದವರಿಗೆ ಪೆನ್ಶನ್ ಕ್ರೆಡಿಟ್ ಅಂತ 2003ರಿಂದ ಐತಿ. ತಗೊಳ್ಳೋರ ಲೆಕ್ಕ ಇಲಾಖೆ ದಾಖಲೆಯಿಂದ ಬರತೈತಿ, ತಗೊಳ್ಳದ ಅರ್ಹರನ್ನ ದೊಡ್ಡದೊಂದು ಮನಿ ಸಮೀಕ್ಷೆಯಿಂದ ಅಂದಾಜು ಮಾಡ್ತಾರ, ಮನಿ ಆದಾಯ, ಉಳಿತಾಯ, ಬಾಡಿಗಿ ಎಲ್ಲಾ ಕೇಳಿ ಒಬ್ಬೊಬ್ಬರ ಮ್ಯಾಲೂ ನಿಯಮ ಹಚ್ಚಿ ನೋಡ್ತಾರ. 2021-22ರ ಅಂದಾಜಿನ್ಯಾಗ ಅರ್ಹರೊಳಗ ಶೇ 63ರಷ್ಟು ಮಂದಿ ಅಷ್ಟ ತಗೊಂಡಿದ್ರು, ಸುಮಾರು 8.8 ಲಕ್ಷ ಕುಟುಂಬ ಬಿಟ್ಟಿದ್ವು. ಅಷ್ಟು ದಾಖಲೆ ಇರೋ ದೇಶದಾಗ ಹಿಂಗ, ಇನ್ನ ನಮ್ಮ ಊರಾಗ ಎಷ್ಟು ಮಂದಿ ಸುಮ್ಮ ಕುಂತಾರೋ ಅಂತ ನನಗ ಹೊಟ್ಯಾಗ ಸಂಕಟ ಆಗತೈತಿ. ಅವರು ಇನ್ನೊಂದು ಮಾಡ್ತಾರ, ತಲಿ ಎಣಿಸೋದಲ್ಲದ ರೊಕ್ಕದ ಲೆಕ್ಕದಾಗೂ ಹೇಳ್ತಾರ, ಯಾಕಂದ್ರ ಅಲ್ಲಿ ಕೊರತಿ ಇದ್ದಷ್ಟು ತುಂಬಿ ಕೊಡೋದು, ಒಬ್ಬರಿಗೆ ಹೆಚ್ಚು ಇನ್ನೊಬ್ಬರಿಗೆ ಕಡಿಮಿ. ನಮ್ಮ ಸಂಧ್ಯಾ ಸುರಕ್ಷಾ ಎಲ್ಲಾರಿಗೂ ತಿಂಗಳಿಗೆ 1,200, ಹಿಂಗಾಗಿ ತಲಿ ಎಣಿಸಿದ್ರ ಸಾಕು.

ಈಗ ಆದಾಯದ ವಿಷಯಕ್ಕ ಬರೋಣು, ಇಲ್ಲೇ ಎಲ್ಲಾರೂ ಸಿಕ್ಕಿಬೀಳೋದು. ಮಿತಿ ವರ್ಷಕ್ಕ 32,000. ಅಂದ್ರ ತಿಂಗಳಿಗೆ 2,700 ಸೈತ ಆಗಲಿಲ್ಲ. 2025-26ರಾಗ ಉದ್ಯೋಗ ಖಾತ್ರಿ ಕೂಲಿ ದಿನಕ್ಕ 370 ಇತ್ತು, ನೂರು ದಿನ ಪೂರ್ತಿ ದುಡಿದವರಿಗೆ ಅದರಿಂದನ 37,000 ಆತು, ಮಿತಿ ದಾಟಿತು! ನೀವು ಪ್ರಾಮಾಣಿಕವಾಗಿ ಕೂತು ಕೂಲಿ, ಎಮ್ಮಿ ಹಾಲು, ಕುಬಸದ ಹೊಲಿಗಿ ಎಲ್ಲಾ ಕೂಡಿಸಿದ್ರ ಊರಾಗಿನ ಬಡವರೊಳಗೂ ಬಾಳ ಮಂದಿ ಅರ್ಹರಲ್ಲ ಅಂತ ಬರತೈತಿ, ಆದ್ರ ಅವರ ಕೈಯಾಗ ತಹಶೀಲ್ದಾರರ ಆದಾಯ ಪ್ರಮಾಣ ಪತ್ರ ಇರತೈತಿ, ಅದರಾಗ ಮಿತಿಯೊಳಗಿನ ಆದಾಯನ ಬರದಿರತೈತಿ, ಕೆಲಸ ನಡಿಯೋದು ಆ ಕಾಗದದ ಮ್ಯಾಲ. ಇದನ್ನ ಮೋಸ ಅಂತ ಬರೀಬ್ಯಾಡ್ರಿ ದಯವಿಟ್ಟು, ಮಿತಿನ ಅಷ್ಟು ಕೆಳಗ ಐತಿ. ನಾನು ಮಾಡೋದು ಹಿಂಗ: ಎರಡು ಕಾಲಂ ಇಡ್ತೀನಿ, ಬಾಯಿಲೆ ಹೇಳಿದ ಆದಾಯದ ಪ್ರಕಾರ ಅರ್ಹರೋ ಅಲ್ಲೋ ಒಂದು, ಕಾಗದದ ಪ್ರಕಾರ (ಬಿಪಿಎಲ್ ಕಾರ್ಡ್ ಇಲ್ಲಾ ಪ್ರಮಾಣ ಪತ್ರ) ಇನ್ನೊಂದು. ಎರಡೂ ಶೇಕಡಾ ಬರೀತೀನಿ. ಒಂದ ನಂಬರ್ ಕೊಡ್ರಿ ಅಂತ ಗೈಡ್ ಜಗ್ಗಾಡಿದ್ರೂ ಎರಡೂ ಇಡ್ರಿ. ಮತ್ತ ಯಾರ ಆದಾಯ ಕೂಡಸ್ತೀರಿ ಅನ್ನೋದನ್ನೂ ಮೊದಲ ಬರದಿಡ್ರಿ, ಒಂದ ಛಾವಣಿ ಕೆಳಗ ಸಕ್ಕರಿ ಫ್ಯಾಕ್ಟರಿಗೆ ಹೋಗೋ ಮಗ ಇರತಾನ, ಅವನ ಪಗಾರ ಕೂಡಿಸಿದ್ರ ಮುದುಕಿ ಶ್ರೀಮಂತಳಾಗತಾಳ, ಆಕಿ ಕೈಗೆ ಮಾತ್ರ ಬಿಡಿಗಾಸೂ ಬರಂಗಿಲ್ಲ. ಬ್ರಿಟನ್ನಿನವರೂ ಇಡೀ ಮನಿ ಹಿಡಿಯಂಗಿಲ್ಲ, ಗಂಡ ಹೆಂಡತಿನ್ನ ಒಂದು ಘಟಕ ಅಂತ ಹಿಡೀತಾರ, ದೊಡ್ಡ ಮಕ್ಕಳು ಬ್ಯಾರೆ ಘಟಕ.

ವಯಸ್ಸು ಇನ್ನೊಂದು ತಲಿನೋವು. ಒಂದು ಮನ್ಯಾಗ ಅಜ್ಜಿ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲ ತಗದು ನೆಲದ ಮ್ಯಾಲ ಸುರುವಿದ್ರು, ರೇಷನ್ ಕಾರ್ಡ್, ಆಧಾರ್, ಓಟಿನ ಚೀಟಿ, ಮೂಲಿ ಹರದ ಪಾಸ್‌ಬುಕ್. ಆಧಾರಿನ್ಯಾಗ ಜನವರಿ 1 ಅಂತ ಹುಟ್ಟಿದ ತಾರೀಖು, ಅದರ ಪ್ರಕಾರ ಅಜ್ಜಿಗೆ 58. ಪಕ್ಕದಾಗ ಕುಂತಿದ್ದ ಹಿರೇ ಮಗಗ 54. ಈ ಅಜ್ಜಿನ್ನ ನಿಮ್ಮ ಲೆಕ್ಕದಾಗ ಎಲ್ಲಿ ಇಡ್ತೀರಿ? ಕಾಗದ ನೋಡಿದ್ರ ಅರ್ಹಳಲ್ಲ, ಕೆಳಗಿನ ಸಂಖ್ಯೆದಾಗ ಬರಂಗಿಲ್ಲ, ನಿಮ್ಮ ಶೇಕಡಾ ಚಂದ ಕಾಣತೈತಿ. ಮೋತಿ ನೋಡಿದ್ರ ಅರ್ಹಳು. ಇಂಥವರನ್ನ ಬ್ಯಾರೆ ಗುಂಪು ಮಾಡಿ ಎಷ್ಟು ಮಂದಿ ಅನ್ನೋದನ್ನ ಎತ್ತಿ ಹೇಳ್ರಿ, ಓದಿದವರಿಗೆ ತಿದ್ದುಪಡಿ ಎಲ್ಲಿ ಬೇಕು ಅನ್ನೋದು ತಿಳಿಲಿ.

ಪಾಸ್‌ಬುಕ್ ಯಾಕ ಹೇಳಿದೆ ಅಂದ್ರ, ‘ಪಗಾರ (ಅಂದ್ರ ಮಾಸಾಶನ) ಬರತೈತೇನ್ರಿ ಅಮ್ಮಾ’ ಅಂತ ಕೇಳಿ ಅವರು ಹೇಳಿದ್ದನ್ನ ಅಷ್ಟ ಬರಕೊಂಡ್ರ ಮ್ಯಾಲಿನ ಸಂಖ್ಯೆನೂ ತಪ್ಪತೈತಿ. ಆಧಾರ್ ಮ್ಯಾಲ ರೊಕ್ಕ ಹಾಕಿದ್ರ ಕಡೀಕ ಯಾವ ಬ್ಯಾಂಕಿಗೆ ಲಿಂಕ್ ಆಗೈತಿ ಆ ಖಾತೆಗೆ ಬೀಳತೈತಿ, ಎಂದೋ ಸಂಘದ ಸಾಲಕ್ಕ ತಗದಿದ್ದ ಖಾತೆಗೆ ಬಂದು ಕುಂತಿರತೈತಿ, ಇವರು ಹಳೇ ಬ್ಯಾಂಕಿನ ಪಾಸ್‌ಬುಕ್ ಎಂಟ್ರಿ ಮಾಡಿಸಿ ಬಂದಿಲ್ಲ ಅಂತಿರತಾರ. ಇನ್ನ ಕೆಲವರು ನೀವು ಸರ್ಕಾರದವರು, ಎಲ್ಲಿ ಬಂದ್ ಮಾಡ್ತೀರೋ ಅಂತ ಅಂಜಿ ಇಲ್ಲ ಅಂತಾರ. ಲಿಸ್ಟಿನ್ಯಾಗೂ ತೀರಿಕೊಂಡವರ ಹೆಸರು ಉಳದಿರತೈತಿ. ಅದಕ್ಕ ಲಿಸ್ಟ್ ಮತ್ತ ಮನಿ ಎರಡನ್ನೂ ತಾಳೆ ಹಾಕ್ರಿ, ಹಂಗಂತ ವರದಿ ಒಳಗ ಯಾರ ಹೆಸರು, ಆಧಾರ್ ನಂಬರ್ ಹಾಕಬ್ಯಾಡ್ರಿ.

ಸಿಗದವರನ್ನೂ ಒಂದ ಮೂಟಿ ಕಟ್ಟಬ್ಯಾಡ್ರಿ. ಅರ್ಜಿನ ಹಾಕಿಲ್ಲ ಒಂದು, ಹಾಕಿ ತಿರಸ್ಕಾರ ಆಗೈತಿ ಒಂದು, ಮಂಜೂರಾಗಿ ರೊಕ್ಕ ನಿಂತೈತಿ ಒಂದು. ಮೊದಲನೇದಕ್ಕ ಜನರಿಗೆ ಹೇಳೋದು ಬೇಕು, ಕಡೇದಕ್ಕ ಬ್ಯಾಂಕ್ ಕೆಲಸ ಬೇಕು. ಇಷ್ಟ ಮಂದಿಗೆ ಅಂತ ಕೋಟಾ ಇರೋ ಯೋಜನೆ ಆದ್ರ ಇನ್ನೂ ಜ್ವಾಕಿ. ಆಹಾರ ಭದ್ರತಾ ಕಾಯ್ದೆ 2013ರದ್ದು, ಹಳ್ಳ್ಯಾಗ ಶೇ 75, ಪಟ್ಟಣದಾಗ ಶೇ 50ರ ತನಕ ಅಂತ ದೇಶದ ಮಟ್ಟದ ಮಿತಿ, ಜನಸಂಖ್ಯೆ ಇನ್ನೂ 2011ರದ್ದ, ಹೊಸ ರೇಷನ್ ಕಾರ್ಡಿನ ಅರ್ಜಿ ಆಗಾಗ ಬಂದ್ ಇರತಾವ. ಕಾರ್ಡ್ ಇಲ್ಲದವರು ಬ್ಯಾಡ ಅಂದವರಲ್ಲ.

ಲಿಸ್ಟನ್ನ ಅರ್ಹರ ಸಂಖ್ಯೆ ಅಂತ ಹಿಡದ್ರ ಏನಾಗತೈತಿ ಅನ್ನೋದಕ್ಕ ನಮ್ಮ ಕಡೆ ಕಣ್ಣಮುಂದ ಒಂದು ಉದಾಹರಣೆ ಐತಿ. ಮಾಜಿ ದೇವದಾಸಿ ತಾಯಂದಿರನ್ನ 1993-94 ಮತ್ತ 2007-08ರ ಸಮೀಕ್ಷೆದಾಗ ರಾಜ್ಯದಾಗ 46,660 ಅಂತ ಎಣಿಸಿದ್ರು. ಆ ಲಿಸ್ಟಿನ್ಯಾಗ ಹೆಸರಿದ್ರ ಮಾಸಾಶನ, ಮನಿ, ಸಾಲ. ಸಮೀಕ್ಷೆ ಬಂದಾಗ ದುಡಿಯಾಕ ಮಹಾರಾಷ್ಟ್ರಕ್ಕ ಹೋದವರು, ನಾಚಿಗೊಂಡು ಹೇಳದವರು ಹೊರಗ ಉಳದ್ರು, ಮತ್ತ ಎಣಿಸ್ರಿ ಅಂತ ವರ್ಷಗಟ್ಟಲೆ ಕೂಗ್ಯಾರ. 46,660ರ ಮ್ಯಾಲ ಶೇಕಡಾ ತಗದ್ರ ಹೊರಗ ಉಳದವರು ಯಾವ ನಂಬರಿನ್ಯಾಗೂ ಕಾಣಂಗಿಲ್ಲ.

ಸ್ಯಾಂಪಲ್ ಬಗ್ಗೆ ಹೆಚ್ಚು ಹೇಳಂಗಿಲ್ಲ, ನಿಮ್ಮ ಸ್ಟ್ಯಾಟಿಸ್ಟಿಕ್ಸ್ ಮಾಸ್ತರು ಹೇಳ್ತಾರ. 200 ಮಂದಿ ಅರ್ಹರು ಸಿಕ್ಕು ಶೇ 60 ಬಂತಂದ್ರ ಆಚೆ ಈಚೆ 7 ಪಾಯಿಂಟ್ ಹಿಡೀರಿ, ಕೆಲವ ಹಳ್ಳಿ ಆರಿಸಿಕೊಂಡಿದ್ರ ಇನ್ನೂ ಹೆಚ್ಚು, ಹಿಂಗಾಗಿ ಇಷ್ಟರಿಂದ ಇಷ್ಟು ಅಂತ ಬರೀರಿ. ಕಬ್ಬು ಕಡಿಯೋ ಹಂಗಾಮಿನ್ಯಾಗ ಹೋಗಬ್ಯಾಡ್ರಿ, ತಾಂಡಾದಾಗ ಅರ್ಧಕ್ಕರ್ಧ ಮನಿಗೆ ಬೀಗ, ಯುಗಾದಿ ಆದಮ್ಯಾಲ ಹೋಗ್ರಿ. ಬೀಗ ಹಾಕಿದ ಮನಿ ಬಿಟ್ಟು ಪಕ್ಕದ ಮನಿ ತಗೊಂಡ್ರ ಹೆಚ್ಚು ಬಡವರ ಹೊರಗ ಬೀಳ್ತಾರ, ತಿರುಗಿ ಹೋಗ್ರಿ.

ಮತ್ತ ಅರ್ಹರಿದ್ದೂ ಸಿಗದವರು ಸಿಕ್ಕಾಗ ಮೊದಲ ಫಾರ್ಮಿನ್ಯಾಗ ಆ ದಿನದ ಸ್ಥಿತಿ ಬರಕೊಳ್ರಿ, ಇಲ್ಲಾಂದ್ರ ನಿಮ್ಮ ಸಹಾಯನ ನಿಮ್ಮ ಲೆಕ್ಕ ಕೆಡಸತೈತಿ. ಆಮ್ಯಾಲ ಅಲ್ಲೇ ಕುಂತು ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಮೂರೂ ಒಂದ್ ಕಡೆ ಮಾಡಿಸಿ ನಾಡಕಚೇರಿಗೆ ಇಲ್ಲಾ ಗ್ರಾಮ ಒನ್‌ಗೆ ಕಳಸ್ರಿ, ಅರ್ಜಿ ನಂಬರನ್ನ ಅವರ ಪಾಸ್‌ಬುಕ್ ಹಿಂದ ದೊಡ್ಡಕ್ಷರದಾಗ ಬರದು ಕೊಡ್ರಿ.